ತಿನ್ನೋದು ಜಾಸ್ತಿ ಆಗಿದೆ, ತೂಕ ಮಾತ್ರ ಇಳಿಯುತ್ತಲೇ ಇದೆ: 11 ವರ್ಷದ ಬೆಕ್ಕಿಗೆ ಏನಾಗಿರಬಹುದು?

ತುಂಗೆಯ ದಡ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಕ್ಕು ಬೆಳ್ಳಿಗೆ ಈಗ 11 ವರ್ಷ. ಊರ ಬೆಕ್ಕು, ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ. ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಇಂಜೆಕ್ಷನ್‌ಗೆ ಕರೆದುಕೊಂಡು ಹೋದಾಗ 4.6 ಕೆ.ಜಿ. ಇದ್ದಳು. ಈಗ 3.5. ಬೆನ್ನ ಮೇಲೆ ಕೈ ಆಡಿಸಿದರೆ ಮೂಳೆಯ ಗಂಟುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ.

ತಿನ್ನೋದು ಬಿಟ್ಟಿದ್ದರೆ ಹೇಗೋ ಅರ್ಥ ಮಾಡಿಕೊಳ್ಳಬಹುದಿತ್ತು. ಇವಳು ಮೊದಲಿಗಿಂತ ಜಾಸ್ತಿ ತಿನ್ನುತ್ತಿದ್ದಾಳೆ. ಬೆಳಗಿನ ಜಾವವೇ ಎಬ್ಬಿಸುತ್ತಾಳೆ, ಬಟ್ಟಲು ಖಾಲಿ ಮಾಡಿ ಮತ್ತೆ ಅಡುಗೆಮನೆ ಬಾಗಿಲಲ್ಲಿ ಕೂತು ಕೂಗುತ್ತಾಳೆ, ಮೊದಲು ಮೂಸಿಯೂ ನೋಡದ ಚಪಾತಿ ಚೂರನ್ನೂ ಈಗ ಬಿಡುತ್ತಿಲ್ಲ. ನೀರು ಕುಡಿಯೋದೂ ಹೆಚ್ಚಾಗಿದೆ ಅಂತ ಅನ್ನಿಸುತ್ತಿದೆ. ಹೊಟ್ಟೆ ಮಾತ್ರ ಸರಿ ಇಲ್ಲ. ಕಕ್ಕ ಒಂದು ದಿನ ಮೆತ್ತಗೆ, ಒಂದು ದಿನ ಪೂರ್ತಿ ನೀರು, ಯಾವಾಗಲೂ ರಾಶಿ ರಾಶಿ, ವಾಸನೆ ಅಂತೂ ತಡೆಯೋಕೆ ಆಗಲ್ಲ. ವಾರದಲ್ಲಿ ಎರಡು ಮೂರು ಸಲ ವಾಂತಿ, ಅದೂ ತಿಂದ ಅರ್ಧ ಗಂಟೆಯ ಒಳಗೆ, ಕಾಳು ಕಾಳಾಗಿ ಹಾಗೇ ಬರುತ್ತದೆ. ರಕ್ತ ಕಂಡಿಲ್ಲ.

ಡಾಕ್ಟರ್‌ಗೆ ತೋರಿಸಿದ್ದೇವೆ. ಮೊದಲು ಜಂತುಹುಳದ ಮಾತ್ರೆ ಕೊಟ್ಟರು, ಆಮೇಲೆ ಮೆಟ್ರೊನಿಡಜೋಲ್ ಸಿರಪ್, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್. ಸಿರಪ್ ಇದ್ದಷ್ಟು ದಿನ ಸ್ವಲ್ಪ ಗಟ್ಟಿಯಾಯಿತು, ನಿಲ್ಲಿಸಿದ ಮೇಲೆ ಮತ್ತೆ ಅದೇ. ರಕ್ತ ಪರೀಕ್ಷೆಯಲ್ಲಿ ಲಿವರ್ ಸ್ವಲ್ಪ ಏರಿದೆ ಅಂತ ಲಿವರ್ ಟಾನಿಕ್ ಬರೆದರು. ಕಿಡ್ನಿ, ಶುಗರ್, ಥೈರಾಯ್ಡ್ ಎಲ್ಲ ನಾರ್ಮಲ್ ಅಂತೆ. ವಯಸ್ಸಾಯ್ತಲ್ಲ, ಇಳಿಯೋದು ಸಹಜ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ಯಾರಾದರೂ ಇಂಥದ್ದನ್ನು ನೋಡಿದ್ದೀರಾ? ಮುಂದೆ ಯಾವ ಪರೀಕ್ಷೆ ಮಾಡಿಸಬೇಕು? ಅವಳು ನನ್ನ ಮಗಳ ಜೊತೆಗೇ ಬೆಳೆದವಳು, ಸುಮ್ನೆ ಕೂತು ನೋಡೋಕೆ ಆಗುತ್ತಿಲ್ಲ.

ಕುಡ್ಲದ ಹುಡುಗ

ಅಕ್ಕ, ಹೊರಗೆ ಓಡಾಡುವ ಬೆಕ್ಕಾ ಇದು? ನಮ್ಮ ಕಡೆ ಬೆಕ್ಕು ಇಳಿದರೆ ಮೊದಲು ನೋಡೋದು ಹುಳ. ಬಾಲದ ಬುಡದಲ್ಲಿ, ಮಲಗುವ ಬಟ್ಟೆಯ ಮೇಲೆ ಒಣಗಿದ ಅಕ್ಕಿಕಾಳಿನ ಥರ ಏನಾದರೂ ಸಿಗುತ್ತದಾ ನೋಡಿ. ಅದು ಲಾಡಿಹುಳದ ತುಂಡು, ಚಿಗಟದಿಂದ ಬರುತ್ತದೆ, ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು. ಎಲ್ಲ ಜಂತುಹುಳದ ಮಾತ್ರೆಯಲ್ಲೂ ಅದು ಇರುವುದಿಲ್ಲ, ಹಾಗಾಗಿ ಕೊಟ್ಟ ಮಾತ್ರೆಯ ಹಾಳೆ ಇದ್ದರೆ ಹೆಸರು ನೋಡಿ. ಚಿಗಟ ಹೋಗದಿದ್ದರೆ ಹುಳ ಮತ್ತೆ ಬರುತ್ತದೆ.

ಕಕ್ಕ ಪರೀಕ್ಷೆ ಮಾಡಿಸಿದ್ದೀರಾ? ಜಿಯಾರ್ಡಿಯಾ ಅನ್ನುವ ಕರುಳಿನ ಪರಾವಲಂಬಿ ಒಂದೇ ಸಲದ ಸ್ಯಾಂಪಲ್‌ನಲ್ಲಿ ಸಿಗದೇ ಇರಬಹುದು, ಅದು ದಿನಾ ಹೊರಗೆ ಬೀಳುವುದಿಲ್ಲ. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ, ಚಿಕ್ಕ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಫ್ರೀಜರ್ ಬೇಡ.

ಇನ್ನೊಂದು. ಹಬ್ಬದ ಮನೆಯಲ್ಲಿ ಹೂವಿನ ದಾರ ನುಂಗಿದ್ದಾಳಾ? ಮಲ್ಲಿಗೆ ಕಟ್ಟಿದ ದಾರ ಬೆಕ್ಕಿಗೆ ಆಟದ ಸಾಮಾನು. ನಮ್ಮ ಪಕ್ಕದ ಮನೆಯ ಬೆಕ್ಕಿಗೆ ಹಾಗೇ ಆಗಿ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತು, ಇನ್ನೊಂದು ತುದಿ ಕರುಳಿನಲ್ಲಿ. ಬಾಯಲ್ಲಾಗಲಿ ಹಿಂದೆಯಾಗಲಿ ದಾರ ಕಂಡರೆ ಎಳೆಯಬೇಡಿ, ಕರುಳು ಕೊಯ್ದು ಹೋಗುತ್ತದೆ, ನೇರ ಆಸ್ಪತ್ರೆಗೆ ಹೋಗಿ. ಆದರೆ ನೀವು ಹೇಳುವುದು ತಿಂಗಳುಗಟ್ಟಲೆ ನಡೆದಿದೆ, ತಿನ್ನುತ್ತಲೂ ಇದ್ದಾಳೆ, ಹಾಗಾಗಿ ದಾರ ಇರಲಿಕ್ಕಿಲ್ಲ.

ಅಜ್ಜಿಮದ್ದು

ಮೊಸರನ್ನಕ್ಕೆ ಸ್ವಲ್ಪ ಜೀರಿಗೆ ಪುಡಿ ಹಾಕಿ ಕೊಡಿ, ಹೊಟ್ಟೆ ತಂಪಾಗುತ್ತದೆ. ಹರಳೆಣ್ಣೆ ಒಂದು ಚಮಚ ಕುಡಿಸಿದರೆ ಹೊಟ್ಟೆ ಒಮ್ಮೆ ಸ್ವಚ್ಛ ಆಗಿ ಆಮೇಲೆ ತಾನಾಗೇ ನಿಲ್ಲುತ್ತದೆ. ನಮ್ಮ ಅಜ್ಜಿ ಎಲ್ಲ ಬೆಕ್ಕಿಗೂ ಇದನ್ನೇ ಮಾಡುತ್ತಿದ್ದರು.

ನಾಲ್ಕು ಬೆಕ್ಕಿನ ಮನೆ, ಮೈಸೂರು

ದಯವಿಟ್ಟು ಹರಳೆಣ್ಣೆ ಕುಡಿಸಬೇಡಿ. ಮೊದಲೇ ಭೇದಿಯಾಗಿ ಮೈಯಲ್ಲಿ ನೀರಿಲ್ಲದ ಬೆಕ್ಕಿಗೆ ಇನ್ನಷ್ಟು ಭೇದಿ ಮಾಡಿಸಿದರೆ ಕೈ ಮೀರುತ್ತದೆ. ಒಂದು ಚಮಚ ಮೊಸರು ನೆಕ್ಕಿದರೆ ಪ್ರಾಣ ಹೋಗುವುದಿಲ್ಲ, ಆದರೆ ಮೊಸರನ್ನದಿಂದ ಬೆಕ್ಕಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ, ಹಾಲಂತೂ ದೊಡ್ಡ ಬೆಕ್ಕುಗಳಿಗೆ ಅರಗುವುದೇ ಕಡಿಮೆ. ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನೂ ಮುಟ್ಟಬೇಡಿ. ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಗ ನಿಮ್ಮ ಬೆಳ್ಳಿಯ ವಿಷಯ. ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇಷ್ಟು: 10 ವರ್ಷ ದಾಟಿದ ಬೆಕ್ಕು, ಹಸಿವು ಹೆಚ್ಚು, ತೂಕ ಕಾಲು ಭಾಗದಷ್ಟು ಹೋಗಿದೆ, ನೀರು ಹೆಚ್ಚು, ರಾಶಿ ಕಕ್ಕ, ಬೆಳಗಿನ ಜಾವ ಕೂಗಾಟ, ಲಿವರ್ ಸ್ವಲ್ಪ ಏರಿದೆ. ಇಷ್ಟನ್ನೂ ಒಟ್ಟಿಗೆ ಓದಿದರೆ ನನಗೆ ಮೊದಲು ಹೊಳೆಯುವುದು ಥೈರಾಯ್ಡ್ ಜಾಸ್ತಿ ಆಗಿರುವುದು. ಆದರೆ ಥೈರಾಯ್ಡ್ ನಾರ್ಮಲ್ ಅಂತ ಬರೆದಿದ್ದೀರಿ. ಆ ನಾರ್ಮಲ್ ಅಂದರೆ ಎಷ್ಟು? ರಿಪೋರ್ಟ್‌ನ ಅಂಕಿಗಳನ್ನು ಹಾಗೇ ಇಲ್ಲಿ ಹಾಕುತ್ತೀರಾ, ಪಕ್ಕದಲ್ಲಿ ಬರೆದಿರುವ ಮಿತಿಯ ಸಮೇತ? ಯಾವ ಥರದ ಲ್ಯಾಬ್ ಅಂತಲೂ ಹೇಳಿ, ಲ್ಯಾಬ್ ಹೆಸರು ಬೇಡ. ಪ್ರಾಣಿಗಳದ್ದೋ ಮನುಷ್ಯರದ್ದೋ ಅಷ್ಟೇ ಸಾಕು.

ತುಂಗೆಯ ದಡ

ಹರಳೆಣ್ಣೆ ಕೊಡಲ್ಲ, ಭಯ ಬೇಡ. ಅಜ್ಜಿಮದ್ದು ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಅವರಿಗೂ ಧನ್ಯವಾದ.

ಕುಡ್ಲದ ಹುಡುಗ ಅವರೇ, ಅಕ್ಕಿಕಾಳಿನ ಥರ ಏನೂ ಸಿಗಲಿಲ್ಲ. ಹೊರಗೆ ಹೋಗುವುದು ಹಿತ್ತಲಿನವರೆಗೆ ಮಾತ್ರ. ಕಕ್ಕ ಪರೀಕ್ಷೆ ಒಂದೇ ಸಲ ಆಗಿದ್ದು, ಏನೂ ಕಂಡಿರಲಿಲ್ಲ. ಮೂರು ಸ್ಯಾಂಪಲ್ ಕೊಡುತ್ತೇನೆ.

ರಿಪೋರ್ಟ್ ಇದು. ಲಿವರ್‌ನ ಎಸ್‌ಜಿಪಿಟಿ 168. ಕಿಡ್ನಿಯ ಕ್ರಿಯಾಟಿನಿನ್ 1.1. ಗ್ಲೂಕೋಸ್ 132. ಹಿಮೋಗ್ಲೋಬಿನ್ 13.4. ಥೈರಾಯ್ಡ್ ಹಾರ್ಮೋನ್ ಟಿ4 6.8, ಪಕ್ಕದಲ್ಲಿ ಮಿತಿ 5.1 ರಿಂದ 14.1 ಅಂತ ಇದೆ. ರಕ್ತ ತೆಗೆದಿದ್ದು ಕ್ಲಿನಿಕ್‌ನಲ್ಲಿ, ಅಲ್ಲಿ ಯಂತ್ರ ಇಲ್ಲದ ಕಾರಣ ಊರಿನ ಮಾಮೂಲಿ ಲ್ಯಾಬ್‌ಗೆ ಕಳಿಸಿದ್ದರು. ರಿಪೋರ್ಟ್‌ನಲ್ಲಿ ವಯಸ್ಸು 11, ಹೆಣ್ಣು ಅಂತ ಇದೆ, ಬೆಕ್ಕು ಅಂತ ಎಲ್ಲೂ ಇಲ್ಲ.

ನಾಲ್ಕು ಬೆಕ್ಕಿನ ಮನೆ, ಮೈಸೂರು

ಅಲ್ಲೇ ಇದೆ ನೋಡಿ! ಆ 5.1 ರಿಂದ 14.1 ಮನುಷ್ಯರ ಮಿತಿ. ಬೆಕ್ಕಿಗೆ ಟೋಟಲ್ ಟಿ4 ಸುಮಾರು 1 ರಿಂದ 4ರ ಆಸುಪಾಸಿನಲ್ಲಿ ಇರಬೇಕು, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಹೆಚ್ಚು ಕಡಿಮೆ, 4.7ರವರೆಗೂ ಕೆಲವರು ನಾರ್ಮಲ್ ಅನ್ನುತ್ತಾರೆ. 6.8 ಬೆಕ್ಕಿನ ಲೆಕ್ಕದಲ್ಲಿ ಹೆಚ್ಚು. ಮನುಷ್ಯರ ಪಟ್ಟಿಯ ಪಕ್ಕ ಇಟ್ಟ ಕಾರಣ ಅದು ನಾರ್ಮಲ್ ಅಂತ ಅಚ್ಚಾಗಿ ಬಂದಿದೆ. ಕಂಪ್ಯೂಟರ್‌ಗೆ ಅದು 11 ವರ್ಷದ ಹುಡುಗಿ.

ನಮ್ಮ ಹಿರಿ ಬೆಕ್ಕಿಗೆ ಇದೇ ಕಾಯಿಲೆ ಇತ್ತು. ಹಾಗಾಗಿ ನನಗೆ ಇದು ತಕ್ಷಣ ಕಣ್ಣಿಗೆ ಬಿತ್ತು. ಆದರೆ ನಾನು ಡಾಕ್ಟರ್ ಅಲ್ಲ, ಇದನ್ನು ನಿಮ್ಮ ಡಾಕ್ಟರ್‌ಗೆ ಇವತ್ತೇ ತೋರಿಸಿ. ಜಗಳಕ್ಕೆ ಹೋಗಬೇಡಿ, ಈ ಮಿತಿ ಬೆಕ್ಕಿನದ್ದಾ ಅಂತ ಕೇಳಿ ಸಾಕು, ಅವರೂ ನೋಡಿದ ಕೂಡಲೇ ಒಪ್ಪುತ್ತಾರೆ.

ಪಶುವೈದ್ಯೆ, ಹಾಸನ

ನಾನು ಸಣ್ಣ ಪ್ರಾಣಿಗಳ ಚಿಕಿತ್ಸೆ ಮಾಡುತ್ತೇನೆ. ಮೇಲಿನವರು ಗಮನಿಸಿದ್ದು ಸರಿ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿಂದ ಮುಂದೆ ಅವಸರ ಮಾಡಿದರೂ ತೊಂದರೆ, ತಡ ಮಾಡಿದರೂ ತೊಂದರೆ.

ಮೊದಲು ಆ 6.8. ಮನುಷ್ಯರ ಲ್ಯಾಬ್‌ನ ಯಂತ್ರ ಬೆಕ್ಕಿನ ಟಿ4 ಅನ್ನು ಅಳೆಯಬಲ್ಲದು, ಆದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಅದೊಂದನ್ನೇ ನಂಬಿ ವರ್ಷಗಟ್ಟಲೆ ಕೊಡುವ ಮಾತ್ರೆ ಶುರು ಮಾಡುವ ಬದಲು ಪ್ರಾಣಿಗಳ ಲ್ಯಾಬ್‌ನಲ್ಲಿ ಇನ್ನೊಮ್ಮೆ ಟೋಟಲ್ ಟಿ4 ಮಾಡಿಸಿ. ಸೀರಮ್ ತೆಗೆದು ಐಸ್ ಪ್ಯಾಕ್‌ನಲ್ಲಿ ಕೊರಿಯರ್ ಮಾಡಬಹುದು, ಸಾಕಷ್ಟು ಕ್ಲಿನಿಕ್‌ಗಳು ಹಾಗೆ ಕಳಿಸುತ್ತವೆ. ನಿಮ್ಮ ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಯ ಆಸ್ಪತ್ರೆಯಲ್ಲೂ ವಿಚಾರಿಸಿ. ಕತ್ತಿನ ಮುಂಭಾಗ ಮುಟ್ಟಿ ನೋಡಲು ಡಾಕ್ಟರ್‌ಗೆ ಹೇಳಿ, ಥೈರಾಯ್ಡ್ ಊದಿದ್ದರೆ ಶ್ವಾಸನಾಳದ ಪಕ್ಕ ಸಣ್ಣ ಗಂಟು ಬೆರಳ ಅಡಿಯಲ್ಲಿ ಜಾರುತ್ತದೆ. ಗಂಟು ಅಂದ ತಕ್ಷಣ ಕ್ಯಾನ್ಸರ್ ಅಂತ ಹೆದರಬೇಡಿ. ಬೆಕ್ಕುಗಳಲ್ಲಿ ಇದು ಬಹುಪಾಲು ನಿರುಪದ್ರವಿ ಬೆಳವಣಿಗೆ, 100ರಲ್ಲಿ ಎರಡು ಮೂರು ಮಾತ್ರ ಕ್ಯಾನ್ಸರ್. ಈ ಕಾಯಿಲೆಯನ್ನು ಬೆಕ್ಕಿನಲ್ಲಿ ಮೊದಲು ವಿವರಿಸಿದ್ದು 1979ರಲ್ಲಿ, ನ್ಯೂಯಾರ್ಕ್‌ನಲ್ಲಿ. ಈಗ ವಯಸ್ಸಾದ ಬೆಕ್ಕು ಬಾಗಿಲು ದಾಟಿ ಬಂದರೆ ನಾವು ಮೊದಲು ಯೋಚಿಸುವ ಕಾಯಿಲೆಗಳಲ್ಲಿ ಇದೂ ಒಂದು.

ಹೊಟ್ಟೆಗೂ ಥೈರಾಯ್ಡ್‌ಗೂ ಏನು ಸಂಬಂಧ ಅಂತ ಕೇಳಬಹುದು. ಹಾರ್ಮೋನ್ ಜಾಸ್ತಿ ಆದರೆ ಇಡೀ ದೇಹ ವೇಗವಾಗಿ ಓಡುತ್ತದೆ. ಕರುಳೂ ಅಷ್ಟೇ. ಆಹಾರ ಅರಗಿ ಹೀರಿಕೊಳ್ಳುವ ಮೊದಲೇ ಮುಂದೆ ಹೋಗುತ್ತದೆ, ಅದಕ್ಕೇ ರಾಶಿ ಕಕ್ಕ. ಹಸಿವಿನಿಂದ ಗಬಗಬ ತಿನ್ನುತ್ತದೆ, ಅದಕ್ಕೇ ಕಾಳು ಕಾಳಾಗಿ ವಾಂತಿ. ಎಸ್‌ಜಿಪಿಟಿ ಸ್ವಲ್ಪ ಏರುವುದೂ ಇದರಲ್ಲಿ ಮಾಮೂಲು, ಥೈರಾಯ್ಡ್ ಹತೋಟಿಗೆ ಬಂದರೆ ಸಾಮಾನ್ಯವಾಗಿ ಅದೂ ಇಳಿಯುತ್ತದೆ.

ಈಗ ಕಿಡ್ನಿ. ಕ್ರಿಯಾಟಿನಿನ್ 1.1 ನೋಡಿ ಪೂರ್ತಿ ನಿರಾಳ ಆಗಬೇಡಿ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ, ಇಷ್ಟು ಸ್ನಾಯು ಕರಗಿದ ಬೆಕ್ಕಿನಲ್ಲಿ ಅದು ಕಡಿಮೆಯೇ ಕಾಣುತ್ತದೆ. ಜೊತೆಗೆ ಥೈರಾಯ್ಡ್ ಜಾಸ್ತಿ ಇದ್ದಾಗ ಕಿಡ್ನಿಗೆ ರಕ್ತ ಜೋರಾಗಿ ಹರಿಯುತ್ತದೆ, ಒಳಗೆ ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆನ್ನಾಗಿರುತ್ತದೆ. ಮೂತ್ರ ಪರೀಕ್ಷೆ ಮಾಡಿಸಿ, ಸಾಂದ್ರತೆ 1.035ಕ್ಕಿಂತ ಕಡಿಮೆ ಇದ್ದರೆ ಕಿಡ್ನಿಯ ಕಡೆ ಒಂದು ಕಣ್ಣಿಡಬೇಕು. ಸಾಧ್ಯವಾದರೆ ಬಿಪಿಯನ್ನೂ ನೋಡಿಸಿ. ಬಿಪಿ ಏರಿದ ಬೆಕ್ಕಿಗೆ ಇದ್ದಕ್ಕಿದ್ದ ಹಾಗೆ ಕಣ್ಣು ಕಾಣದೆ ಹೋಗಬಹುದು.

ಕೊನೆಯದಾಗಿ ಒಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಥೈರಾಯ್ಡ್ ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬೇಡಿ. ಈ ವಯಸ್ಸಿನ ಬೆಕ್ಕಿಗೆ ಎರಡು ಕಾಯಿಲೆ ಒಟ್ಟಿಗೆ ಇರುವುದು ಅಪರೂಪ ಅಲ್ಲ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಕರುಳಿನ ಗೋಡೆ ದಪ್ಪ ಆಗಿದೆಯಾ, ಪಕ್ಕದ ಗ್ರಂಥಿಗಳು ಊದಿವೆಯಾ ನೋಡಲಿ. ಬಿ12 ಪರೀಕ್ಷೆಯೂ ಬೇಕು, ಆದರೆ ನೀವು ಈಗಾಗಲೇ ಬಿ ಕಾಂಪ್ಲೆಕ್ಸ್ ಹಾಕಿಸಿದ್ದೀರಿ, ಅದು ಅಂಕಿಯನ್ನು ಏರಿಸಿ ತೋರಿಸಬಹುದು. ಯಾವಾಗ ಹಾಕಿದ್ದು ಅಂತ ಲ್ಯಾಬ್‌ಗೆ ಕಳಿಸುವ ಚೀಟಿಯಲ್ಲಿ ಬರೆಸಿ.

ಮತ್ತೆ, ಸ್ಕ್ಯಾನಿಂಗ್ ಆಗುವ ಮೊದಲು ಸ್ಟೀರಾಯ್ಡ್ ಬೇಡ ಅಂತ ಡಾಕ್ಟರ್ ಹತ್ತಿರ ಮಾತಾಡಿ. ಸ್ಟೀರಾಯ್ಡ್ ಕೊಟ್ಟರೆ ಬೆಕ್ಕು ವಾರದಲ್ಲಿ ಚುರುಕಾಗುತ್ತದೆ, ಮನೆಯವರಿಗೆ ಖುಷಿ ಆಗುತ್ತದೆ, ಆದರೆ ಆಮೇಲೆ ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಿದರೆ ಒಳಗೆ ಏನಿತ್ತು ಅಂತ ಹೇಳುವುದು ಕಷ್ಟ.

ಮಲ್ಲೇಶ್ವರದ ಮೆಟ್ಟಿಲು, ಬೆಂಗಳೂರು

ಡಾಕ್ಟ್ರು ಹೇಳಿದ ಕೊನೆಯ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಮ್ಮ ಗಂಡು ಬೆಕ್ಕಿಗೆ 12 ವರ್ಷ ಇದ್ದಾಗ ಹೀಗೇ ಇಳಿಯಿತು. ಅವನಿಗೆ ಟಿ4 ನಿಜವಾಗಿಯೂ ಸರಿ ಇತ್ತು, ಶುಗರ್ ಸರಿ ಇತ್ತು, ಹುಳ ಇರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಕರುಳಿನ ಸ್ನಾಯು ಪದರ ದಪ್ಪ ಆಗಿತ್ತು. ಇದು ಕರುಳಿನ ದೀರ್ಘಕಾಲದ ಉರಿಯೂತ ಇರಬಹುದು, ಇಲ್ಲ ಅಂದರೆ ನಿಧಾನವಾಗಿ ಬೆಳೆಯುವ ಒಂದು ಥರದ ಲಿಂಫೋಮಾ ಕ್ಯಾನ್ಸರ್ ಇರಬಹುದು, ಸ್ಕ್ಯಾನಿಂಗ್ ನೋಡಿ ಯಾವುದು ಅಂತ ಖಚಿತ ಹೇಳಲು ಆಗುವುದಿಲ್ಲ ಅಂದರು. ಬಯಾಪ್ಸಿ ಮಾಡಿಸಿದೆವು, ಲಿಂಫೋಮಾ ಅಂತ ಬಂತು. ಆ ಹೆಸರು ಕೇಳಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆದರೆ ಸಣ್ಣ ಕೋಶದ ಈ ಬಗೆ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಪ್ರೆಡ್ನಿಸೋಲೋನ್, ಕ್ಲೋರಾಂಬುಸಿಲ್, ವಾರಕ್ಕೊಮ್ಮೆ ಬಿ12 ಇಂಜೆಕ್ಷನ್. ತೂಕ ಮತ್ತೆ ಏರಿತು, ಎರಡು ವರ್ಷಕ್ಕೂ ಮೇಲೆ ಚೆನ್ನಾಗಿ ಬದುಕಿದ, ಕಿಟಕಿಯ ಮೇಲೆ ಹಾರಿ ಕೂರುವಷ್ಟು ಶಕ್ತಿ ಇತ್ತು.

ಆ ಬಿ12 ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಬೆಕ್ಕಿನ ಸಣ್ಣ ಕರುಳಿನ ಕೊನೆಯ ಭಾಗ ಹಾಳಾದರೆ ಬಿ12 ಒಳಗೆ ಹೋಗುವುದಿಲ್ಲ. ಬಿ12 ಕಡಿಮೆ ಆದರೆ ಕರುಳು ಇನ್ನಷ್ಟು ಕೆಡುತ್ತದೆ. ಆ ಸುತ್ತು ಮುರಿಯದೆ ಬೇರೆ ಔಷಧಿ ಕೊಟ್ಟರೂ ಅಷ್ಟಾಗಿ ಹಿಡಿಯುವುದಿಲ್ಲ. ನಮ್ಮವನಿಗೆ 250 ಮೈಕ್ರೋಗ್ರಾಂ, ವಾರಕ್ಕೆ ಒಂದರಂತೆ ಆರು ವಾರ, ಆಮೇಲೆ ತಿಂಗಳಿಗೊಮ್ಮೆ. ಮನೆಯಲ್ಲೇ ಚರ್ಮದ ಅಡಿ ಹಾಕುವುದನ್ನು ಕಲಿಸಿಕೊಟ್ಟರು.

ಊಟದ ಬದಲಾವಣೆಯೂ ಕೇಳಿ ನೋಡಿ. ಕೆಲವು ಬೆಕ್ಕಿಗೆ ಒಂದು ಬಗೆಯ ಮಾಂಸ ಒಗ್ಗುವುದಿಲ್ಲ. ಹೈಡ್ರೋಲೈಸ್ಡ್ ಪ್ರೋಟೀನ್ (ತೀರಾ ಸಣ್ಣ ಚೂರುಗಳಾಗಿ ಒಡೆದ ಪ್ರೋಟೀನ್) ಇರುವ ಆಹಾರಕ್ಕೆ ಬದಲಿಸಿದರೆ ಹೊಟ್ಟೆಯ ತೊಂದರೆ ಬಹಳ ಸಲ ಎರಡು ವಾರದಲ್ಲೇ ತಿಳಿಯಾಗುತ್ತದೆ. ಆದರೆ ಆ ಎರಡು ವಾರ ಬೇರೆ ಏನೂ ಕೊಡಬಾರದು, ಮೀನಿನ ತಲೆ, ಮಗಳು ಮೇಜಿನ ಕೆಳಗೆ ಹಾಕುವ ಆಮ್ಲೆಟ್ ಚೂರು ಯಾವುದೂ ಇಲ್ಲ.

ಕುಡ್ಲದ ಹುಡುಗ

ಡಾಕ್ಟರ್ ಮೇಡಂ, ಒಂದು ಪ್ರಶ್ನೆ. ನನ್ನ ಬೆಕ್ಕಿಗೆ ಒಂದೂವರೆ ವರ್ಷ, ಅದೂ ಇತ್ತೀಚೆಗೆ ಸ್ವಲ್ಪ ಇಳಿದಿದೆ. ಅದಕ್ಕೂ ಈ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ? ಹಲ್ಲಿ ಹಿಡಿದು ತಿನ್ನುವುದು ಅದಕ್ಕೆ ಅಭ್ಯಾಸ.

ಪಶುವೈದ್ಯೆ, ಹಾಸನ

ಬೇಡ. ಆ ವಯಸ್ಸಿನಲ್ಲಿ ಥೈರಾಯ್ಡ್ ಇರುವುದು ತೀರಾ ಅಪರೂಪ. ಎಳೆ ಬೆಕ್ಕಿನಲ್ಲಿ ನಾವು ನೋಡುವ ಪಟ್ಟಿಯೇ ಬೇರೆ. ಹುಳ, ಜಿಯಾರ್ಡಿಯಾ, ಟ್ರೈಟ್ರೈಕೊಮೊನಾಸ್ ಅನ್ನುವ ಇನ್ನೊಂದು ಕರುಳಿನ ಪರಾವಲಂಬಿ, ಫೆಲೈನ್ ಲ್ಯುಕೀಮಿಯಾ ವೈರಸ್. ಜ್ವರ ಬಂದು ಹೋಗುತ್ತಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ ಹಾಗಿದ್ದರೆ, ಕಣ್ಣಿನ ಬಣ್ಣ ಬದಲಾದರೆ ಎಫ್‌ಐಪಿ (ಬೆಕ್ಕಿನ ಕೊರೊನಾ ವೈರಸ್‌ನಿಂದ ಬರುವ ಕಾಯಿಲೆ) ಬಗ್ಗೆ ತಪ್ಪದೆ ಕೇಳಿ. ಕೆಲವು ವರ್ಷ ಹಿಂದೆ ಎಫ್‌ಐಪಿ ಅಂದರೆ ಆಸೆ ಬಿಡಿ ಅಂತ ಹೇಳಬೇಕಾಗಿತ್ತು. ಜಿಎಸ್ 441524 ಔಷಧಿ ಬಂದ ಮೇಲೆ ಹೆಚ್ಚಿನ ಬೆಕ್ಕುಗಳು ಉಳಿಯುತ್ತಿವೆ, ಸಾಮಾನ್ಯವಾಗಿ 84 ದಿನದ ಚಿಕಿತ್ಸೆ. ತಡ ಆದಷ್ಟೂ ಕಷ್ಟ.

ಹಲ್ಲಿಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಬಿಸಿ ಪ್ರದೇಶಗಳಲ್ಲಿ ಹಲ್ಲಿ ತಿನ್ನುವ ಬೆಕ್ಕಿಗೆ ಪಿತ್ತನಾಳದಲ್ಲಿ ಸೇರಿಕೊಳ್ಳುವ ಒಂದು ಚಪ್ಪಟೆ ಹುಳ ಬರಬಹುದು. ಮಾಮೂಲಿ ಜಂತುಹುಳದ ಮಾತ್ರೆಗೆ ಅದು ಸಾಯುವುದಿಲ್ಲ, ಪ್ರಾಜಿಕ್ವಾಂಟೆಲ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಕೊಡಬೇಕಾಗುತ್ತದೆ. ಒಸಡು, ಕಿವಿಯ ಒಳಗೆ ಹಳದಿ ಕಂಡರೆ ತಡ ಮಾಡಬೇಡಿ.

ನಾಲ್ಕು ಬೆಕ್ಕಿನ ಮನೆ, ಮೈಸೂರು

ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಏನು ಮಾಡಬಹುದು ಅಂತ ಹೇಳುತ್ತೇನೆ. ತೂಕವನ್ನು ವಾರಕ್ಕೊಮ್ಮೆ ಅದೇ ದಿನ ಅದೇ ಹೊತ್ತಿಗೆ ನೋಡಿ. ನೀವು ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ಕಳೆಯುವ ಲೆಕ್ಕ ಬೇಡ, 100 ಗ್ರಾಂ ವ್ಯತ್ಯಾಸ ಅದರಲ್ಲಿ ಸಿಗುವುದೇ ಇಲ್ಲ. ಬೆಕ್ಕಿಗೆ 100 ಗ್ರಾಂ ದೊಡ್ಡದು. ಸೂಟ್‌ಕೇಸ್ ತೂಗುವ ನೇತಾಡಿಸುವ ಡಿಜಿಟಲ್ ಸ್ಕೇಲ್ ಕಡಿಮೆ ಬೆಲೆಗೆ ಸಿಗುತ್ತದೆ. ಗಟ್ಟಿ ಬಟ್ಟೆ ಚೀಲದಲ್ಲಿ ಬೆಕ್ಕನ್ನು ಕೂರಿಸಿ ಕತ್ತು ಹೊರಗೆ ಬಿಟ್ಟು ತೂಗಿ, ಆಮೇಲೆ ಖಾಲಿ ಚೀಲ ತೂಗಿ ಕಳೆಯಿರಿ.

ಊಟವನ್ನು ದಿನಕ್ಕೆ ಐದಾರು ಸಣ್ಣ ಪಾಲು ಮಾಡಿ. ಗಬಗಬ ತಿಂದು ಕಕ್ಕುವುದು ಅದರಿಂದಲೇ ಅರ್ಧ ಕಡಿಮೆ ಆಗುತ್ತದೆ. ಬೇಯಿಸಿದ ಕೋಳಿ ಕೊಟ್ಟರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ತಾಗಿರಬಾರದು, ನಮ್ಮ ಸಾರಿನಿಂದ ತೆಗೆದು ತೊಳೆದ ತುಂಡೂ ಬೇಡ. ಮತ್ತೆ ಇಷ್ಟು ತಿನ್ನುವ ಬೆಕ್ಕು ಒಂದು ದಿನ ಪೂರ್ತಿ ತಿನ್ನದೆ ಇದ್ದರೆ ಮರುದಿನದವರೆಗೆ ಕಾಯಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಅದೇ ಬೇರೆ ಕಾಯಿಲೆ ಆಗುತ್ತದೆ. ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ತಣ್ಣಗಾದರೆ ರಾತ್ರಿಯಾದರೂ ಹೊರಡಿ. ಮಲಗಿ ನಿದ್ದೆ ಮಾಡುವಾಗ ಎದೆಯ ಏರಿಳಿತ ಎಣಿಸಿ, ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು.

ತುಂಗೆಯ ದಡ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ.

ಡಾಕ್ಟರ್‌ಗೆ ಮಿತಿಯ ವಿಷಯ ತೋರಿಸಿದೆ. ಒಂದು ನಿಮಿಷ ಸುಮ್ಮನೆ ರಿಪೋರ್ಟ್ ನೋಡಿದರು, ಆಮೇಲೆ ಬೆಳ್ಳಿಯ ಗಲ್ಲ ಮೇಲೆತ್ತಿ ಹೆಬ್ಬೆರಳು ತೋರುಬೆರಳು ಸೇರಿಸಿ ಗಂಟಲಿನಿಂದ ಎದೆಯವರೆಗೆ ಮೆಲ್ಲಗೆ ಜಾರಿಸಿದರು. ಎಡಗಡೆ ಒಂದು ಕಡೆ ಬೆರಳು ನಿಂತಿತು. ನನ್ನ ಬೆರಳನ್ನೂ ಅಲ್ಲಿಟ್ಟು ತೋರಿಸಿದರು, ತೊಗರಿಕಾಳಿನಷ್ಟು ಏನೋ ಇದೆ. ಎದೆಬಡಿತ ನಿಮಿಷಕ್ಕೆ 236 ಇತ್ತು. ಹೊಸದಾಗಿ ರಕ್ತ ತೆಗೆದು ಪ್ರಾಣಿಗಳ ಲ್ಯಾಬ್‌ಗೆ ಕಳಿಸಿದರು. ಟಿ4 7.2 ಬಂದಿದೆ, ಅಲ್ಲಿ ಬೆಕ್ಕಿನ ಮಿತಿ 4.7ಕ್ಕೆ ಮುಗಿಯುತ್ತದೆ. ಕಕ್ಕದ ಮೂರು ಸ್ಯಾಂಪಲ್‌ನಲ್ಲೂ ಏನೂ ಇಲ್ಲ. ಮೂತ್ರದ ಸಾಂದ್ರತೆ 1.030, ಹಾಗಾಗಿ ಕಿಡ್ನಿಯನ್ನು ನೋಡುತ್ತಿರೋಣ ಅಂದರು. ಬಿ12 ಕಡಿಮೆ ಅಂಚಿನಲ್ಲಿದೆ, ಇಂಜೆಕ್ಷನ್ ಶುರು ಆಗಿದೆ. ಸ್ಕ್ಯಾನಿಂಗ್‌ನಲ್ಲಿ ಕರುಳು ಒಂದು ಜಾಗದಲ್ಲಿ ಸ್ವಲ್ಪ ದಪ್ಪ ಕಾಣುತ್ತದೆ, ಗ್ರಂಥಿಗಳು ಊದಿಲ್ಲ. ಮೊದಲು ಥೈರಾಯ್ಡ್ ಹತೋಟಿಗೆ ತಂದು, ಭೇದಿ ಆಗಲೂ ನಿಲ್ಲದಿದ್ದರೆ ಆಹಾರ ಬದಲಿಸಿ, ಅದಕ್ಕೂ ಬಗ್ಗದಿದ್ದರೆ ಬಯಾಪ್ಸಿ ಅಂತ ತೀರ್ಮಾನ.

ಥೈರಾಯ್ಡ್ ಹಾರ್ಮೋನ್ ಇಳಿಸುವ ಕಾರ್ಬಿಮಜೋಲ್ ಮಾತ್ರೆ ಕೊಟ್ಟಿದ್ದಾರೆ, ಮನುಷ್ಯರ ಮೆಡಿಕಲ್ ಸ್ಟೋರ್‌ನಲ್ಲೇ ಸಿಕ್ಕಿತು. ಎರಡು ಪ್ರಶ್ನೆ ಇವೆ. ಮಾತ್ರೆಯನ್ನು ಪುಡಿ ಮಾಡಿ ಮೀನಿನಲ್ಲಿ ಕಲಸಬಹುದಾ? ಇವಳು ಬಾಯಿ ತೆರೆಯುವುದೇ ಇಲ್ಲ. ಮತ್ತೆ ನನ್ನ ತಂಗಿ ಬಾಣಂತನಕ್ಕೆ ಅಂತ ಬಂದಿದ್ದಾಳೆ, ಏಳು ತಿಂಗಳು. ಅವಳೇ ಬೆಳ್ಳಿಗೆ ಹೆಚ್ಚು ಒಗ್ಗಿರುವುದು, ಮಾತ್ರೆ ನಾನೇ ಕೊಡುತ್ತೇನೆ ಅನ್ನುತ್ತಿದ್ದಾಳೆ.

ಪಶುವೈದ್ಯೆ, ಹಾಸನ

ತಂಗಿಯ ಕೈಯಲ್ಲಿ ಮಾತ್ರೆ ಕೊಡಿಸಬೇಡಿ. ಈ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಮಾತ್ರೆ ಮುಟ್ಟುವುದು, ಬೆಕ್ಕಿನ ಕಕ್ಕದ ಟ್ರೇ ತೊಳೆಯುವುದು ಎರಡೂ ಅವರಿಗೆ ಬೇಡ, ಟ್ರೇ ಅಂತೂ ಬೆಕ್ಕಿನ ಕಕ್ಕದಿಂದ ಹರಡುವ ಟಾಕ್ಸೋಪ್ಲಾಸ್ಮಾ ಸೋಂಕಿನ ಕಾರಣಕ್ಕೂ ಬೇಡ. ಬೆಳ್ಳಿಯನ್ನು ಮುದ್ದು ಮಾಡಲಿ, ಅದಕ್ಕೆ ಅಡ್ಡಿ ಇಲ್ಲ, ಆಮೇಲೆ ಕೈ ತೊಳೆದರೆ ಆಯಿತು. ನೀವೂ ಗ್ಲೌಸ್ ಹಾಕಿಕೊಂಡೇ ಕೊಡಿ.

ಪುಡಿ ಮಾಡಬೇಡಿ. ಪುಡಿ ಗಾಳಿಯಲ್ಲಿ ಹಾರುತ್ತದೆ, ಕಹಿಗೆ ಬೆಕ್ಕು ಆ ಮೀನನ್ನೇ ಮುಂದೆ ಮುಟ್ಟದೆ ಹೋಗಬಹುದು. ಪೌಚ್ ಆಹಾರದ ಒಂದು ಮೆತ್ತನೆ ತುಂಡನ್ನು ಸೀಳಿ ಒಳಗೆ ಇಡಿ. ಮೊದಲು ಮಾತ್ರೆ ಇಲ್ಲದ ತುಂಡು, ಆಮೇಲೆ ಮಾತ್ರೆ ಇರುವುದು, ಕೂಡಲೇ ಇನ್ನೊಂದು ಖಾಲಿ ತುಂಡು. ಹಸಿದಿರುವ ಬೆಕ್ಕು ಮೂರನೆಯದರ ಆಸೆಗೆ ಎರಡನೆಯದನ್ನು ನುಂಗಿಬಿಡುತ್ತದೆ. ಅದಕ್ಕೂ ಆಗದಿದ್ದರೆ ಇದೇ ಕೆಲಸ ಮಾಡುವ, ಕಿವಿಯ ಒಳಬದಿಗೆ ಹಚ್ಚುವ ಮೆಥಿಮಜೋಲ್ ಜೆಲ್ ಸಿಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿ.

ಮೊದಲ ಎರಡು ಮೂರು ವಾರ ಮುಖ ಪರಪರ ಕೆರೆದುಕೊಂಡು ಗಾಯ ಮಾಡಿಕೊಂಡರೆ, ಹಸಿವು ಪೂರ್ತಿ ನಿಂತರೆ, ಮಂಕಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಎರಡರಿಂದ ನಾಲ್ಕು ವಾರದೊಳಗೆ ಟಿ4, ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ ಮೂರನ್ನೂ ಮತ್ತೆ ಮಾಡಿಸಿ, ಸಾಂದ್ರತೆ 1.030 ಇರುವುದರಿಂದ ನಿಮಗೆ ಈ ಕ್ರಿಯಾಟಿನಿನ್ ಮುಖ್ಯ. ಈ ಸಲ ಚೀಟಿಯ ಮೇಲೆ ಬೆಕ್ಕು ಅಂತ ದೊಡ್ಡದಾಗಿ ಬರೆಸಿ.